ಹಿಮ್ಮೇಳದವರ ಹೆಸರು

ಒಂದು ಹಾಡನ್ನು ಮೆಚ್ಚಿಕೊಳ್ಳಲು ಅದನ್ನು ಮಾಡಿದವರ ಹೆಸರು ತಿಳಿದಿರಬೇಕೆ? ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಯಾವ ಪುಸ್ತಕದಿಂದಲೂ ಅಲ್ಲ. ನಾನೇ ಬರೆದು ಅಚ್ಚು ಹಾಕಿಸಿದ ಒಂದು ನೋಟೀಸಿನಿಂದ.

ಬಹಳ ವರ್ಷಗಳ ಹಿಂದೆ ನಮ್ಮೂರ ವಾಚನಾಲಯದ ವಾರ್ಷಿಕೋತ್ಸವಕ್ಕೆ ಹಳೆಯ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮವೊಂದನ್ನು ಇಟ್ಟುಕೊಂಡಿದ್ದೆವು. ಮಾಸ್ತರನೆಂಬ ಕಾರಣಕ್ಕೆ ನೋಟೀಸು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಧ್ಯಕ್ಷರು, ಅತಿಥಿಗಳು, ಹಾಡುವ ಮೂವರು, ದೇಣಿಗೆ ಕೊಟ್ಟವರು, ಕೊನೆಗೆ ಮೈಕ್ ಸೆಟ್ಟಿನವರು, ಎಲ್ಲರ ಹೆಸರೂ ಬಂತು. ತಬಲದವರ ಹೆಸರೊಂದು ಬಿಟ್ಟುಹೋಯಿತು. ಅವರು ಮಲೆಯಾಳಿ, ಮರದ ಮಿಲ್ಲಿನ ಕೆಲಸ ಮುಗಿಸಿ ಮೂರು ವಾರ ದಿನಾ ಸಂಜೆ ಅಭ್ಯಾಸಕ್ಕೆ ಬಂದು, ಕೊನೆಯ ಬಸ್ಸಿಗೆ ಹಿಂದಿರುಗುತ್ತಿದ್ದವರು.

ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು, "ಮಾಷೆ, ಎರಡು ನೋಟೀಸು ಕೊಡಿ" ಎಂದರು. ಯಾಕೆಂದು ಕೇಳಿದೆ. "ಮೋಳೆ ಕಾಣಿಕ್ಕಾನಾ" ಎಂದು ನಕ್ಕರು. ಮಗಳಿಗೆ ತೋರಿಸಲಿಕ್ಕೆ. ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಓಡಿದರು.

ನೋಟೀಸು ಕನ್ನಡದಲ್ಲಿತ್ತು. ಅವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಅದರಲ್ಲಿ ಇದ್ದೇ ಇರುತ್ತದೆಂದು ಅವರು ನಂಬಿದ್ದರು. ಆ ಮಗಳಿಗೆ ಕನ್ನಡ ಓದಲು ಬರುತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಕೇಳಲು ಧೈರ್ಯವಾಗಲಿಲ್ಲ.

ಅಂದಿನಿಂದ ಆ ಹಾಡುಗಳನ್ನು ಕೇಳುವ ನನ್ನ ಕಿವಿಯೇ ಬೇರೆಯಾಯಿತು. 1949ರಲ್ಲಿ 'ಮಹಲ್' ಚಿತ್ರ ಬಂತು. ಖೇಮ್‌ಚಂದ್ ಪ್ರಕಾಶರ ಸಂಗೀತದ ಒಂದು ಹಾಡು ದೇಶವನ್ನೇ ಮರುಳುಗೊಳಿಸಿತು. ಆದರೆ ಅದರ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯೆಂದು ಅಚ್ಚಾಗಿದ್ದುದು 'ಕಾಮಿನಿ' ಎಂದು. ಕಾಮಿನಿ ಯಾರು? ಚಿತ್ರದಲ್ಲಿ ಮಧುಬಾಲಾ ವಹಿಸಿದ ಪಾತ್ರ! ಇಲ್ಲದ ಹೆಣ್ಣಿಗೆ ಹೆಸರಿತ್ತು, ಇದ್ದ ಹೆಣ್ಣಿಗೆ ಇರಲಿಲ್ಲ. ಇದ್ದವಳು ಇಪ್ಪತ್ತರ ಹರೆಯದ ಲತಾ ಮಂಗೇಶ್ಕರ್. ಹಾಡಿದವರು ಯಾರೆಂದು ರೇಡಿಯೋಗೆ ಕೇಳುಗರ ಪತ್ರಗಳು ಬಂದ ಮೇಲೆಯೇ ಆ ಹೆಸರು ಹೊರಬಿತ್ತು. ಅಷ್ಟಾದರೂ ಫಿಲ್ಮ್‌ಫೇರ್‌ನವರು ಹಿನ್ನೆಲೆ ಗಾಯನಕ್ಕೆ ಪ್ರಶಸ್ತಿ ಕೊಡತೊಡಗಿದ್ದು 1959ರಲ್ಲಿ. 'ಮಧುಮತಿ'ಯ ಹಾಡಿಗಾಗಿ ಆ ಮೊದಲ ಪ್ರಶಸ್ತಿ ಲತಾ ಅವರಿಗೇ ಬಂತು.

ಲತಾ ಅವರ ಹೆಸರಾದರೂ ಬೆಳಕಿಗೆ ಬಂತು. ಅವರ ಹಿಂದೆ ಕುಳಿತವರ ಗತಿ? ಮುಂಬಯಿಯ ಸ್ಟುಡಿಯೋಗಳ ವಾದ್ಯಮೇಳದಲ್ಲಿ ಗೋವೆಯವರು ತುಂಬ ಮಂದಿ ಇದ್ದರು. ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತು ಬಂದವರು. ಸಂಗೀತ ನಿರ್ದೇಶಕರು ರಾಗ ಗುನುಗಿ ತೋರಿಸಿದರೆ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಹಾಳೆಯ ಮೇಲೆ ಇಳಿಸುತ್ತಿದ್ದವರು ಬೇರೆಯೇ. ಶಂಕರ್-ಜೈಕಿಶನ್ ಮತ್ತು ಓ. ಪಿ. ನಯ್ಯರ್ ಅವರಿಗೆ ಹೀಗೆ ದುಡಿದವರು ಸೆಬಾಸ್ಟಿಯನ್ ಡಿಸೋಜಾ. ಪಲ್ಲವಿಗೂ ಚರಣಕ್ಕೂ ನಡುವೆ ಪಿಟೀಲುಗಳು ಅಲೆಯಾಗಿ ಎದ್ದುಬರುವಾಗ ನಮ್ಮ ಮೈ ನವಿರೇಳುತ್ತದಲ್ಲ, ಅದರಲ್ಲಿ ಅವರ ಪಾಲು ದೊಡ್ಡದು. ಚಿತ್ರದ ಶೀರ್ಷಿಕೆಯಲ್ಲಿ ಇಂಥವರಿಗೆ ಹಲವು ಸಲ 'ಸಹಾಯಕರು' ಎಂಬ ಒಂದು ಸಾಲು. ಪಿಟೀಲು ಹಿಡಿದವರಿಗೆ ಅದೂ ಇಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಆಂಥೋನಿ ಗೊನ್ಸಾಲ್ವಿಸ್ ಅವರ ಕತೆ. 1977ರ 'ಅಮರ್ ಅಕ್ಬರ್ ಆಂಥೋನಿ'ಯಲ್ಲಿ ನಾಯಕ ದೊಡ್ಡ ಮೊಟ್ಟೆಯೊಳಗಿಂದ ಹೊರಬಂದು ಆ ಹೆಸರು ಹೇಳಿ ಕುಣಿಯುತ್ತಾನೆ. ನಮ್ಮ ಮಕ್ಕಳೂ ಕುಣಿದರು. ಆದರೆ ಆ ಹೆಸರಿನ ಮನುಷ್ಯ ನಿಜವಾಗಿ ಇದ್ದರು. ಗೋವೆಯ ಮಜೋರ್ಡಾದ ಪಿಟೀಲು ವಿದ್ವಾಂಸರವರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರಿಗೆ ಗುರುಗಳು. ಶಿಷ್ಯ ಸಲ್ಲಿಸಿದ ಗುರುಕಾಣಿಕೆ ಅದು. ಕೋಟಿ ಜನರ ಬಾಯಲ್ಲಿ ಹೆಸರು ಕುಣಿಯಿತು. ಮನುಷ್ಯ ಮಾತ್ರ ಕತ್ತಲಲ್ಲೇ ಉಳಿದರು. 2012ರಲ್ಲಿ ತೀರಿಕೊಂಡರು.

ಈ ಮಾತಿಗೆ ನನ್ನ ಗೆಳೆಯರೊಬ್ಬರು ಆಕ್ಷೇಪ ತೆಗೆದರು. "ನಮ್ಮ ಪಾಡ್ದನಗಳನ್ನು ಕಟ್ಟಿದವರು ಯಾರು? ಯಾರಿಗೂ ಗೊತ್ತಿಲ್ಲ. ಅದರಿಂದ ಪಾಡ್ದನಕ್ಕೇನು ಕುಂದಾಯಿತು ಮಾರಾಯ್ರೆ?" ಎಂದರು. ನಿಜ, ಕುಂದಿಲ್ಲ. ಆದರೆ ನೇಜಿ ನೆಡುತ್ತ ಹಾಡಿದ ಅಜ್ಜಿ ತನ್ನ ಹೆಸರು ಹೇಳಲಿಲ್ಲ. ಆ ಜಾಗದಲ್ಲಿ ಬೇರೆ ಯಾರ ಹೆಸರನ್ನೂ ಯಾರೂ ಬರೆಯಲಿಲ್ಲ. ಹೆಸರಿಲ್ಲದಿರುವುದೇ ಅನ್ಯಾಯವಲ್ಲ. ಪಟ್ಟಿ ಮಾಡಿ, ಮೈಕಿನವರನ್ನೂ ಸೇರಿಸಿ, ಒಬ್ಬರನ್ನು ಬಿಡುವುದು ಅನ್ಯಾಯ. ನಾನು ಮಾಡಿದ್ದು ಅದನ್ನೇ.

ಇನ್ನೊಂದು ವಾದವೂ ಇದೆ. 1960ರ ದಶಕದ ಆರಂಭದಲ್ಲಿ, ಹಾಡಿನ ತಟ್ಟೆಗಳ ಆದಾಯದಲ್ಲಿ ಗಾಯಕರಿಗೂ ಪಾಲು ಸಿಗಬೇಕೆಂದು ಲತಾ ಕೇಳಿದರು. ಹಾಡಿದ್ದಕ್ಕೆ ಹಣ ಪಡೆದ ಮೇಲೆ ಗಾಯಕನ ಹಕ್ಕು ಅಲ್ಲಿಗೆ ಮುಗಿಯಿತೆಂದು ಮಹಮ್ಮದ್ ರಫಿ ಹೇಳಿದರು. ಈ ಭಿನ್ನಾಭಿಪ್ರಾಯದಿಂದ ಕೆಲವು ವರ್ಷ ಇಬ್ಬರೂ ಜತೆಯಾಗಿ ಹಾಡಲೇ ಇಲ್ಲ. ಯಾರು ಸರಿ? ನಾನು ಬಹಳ ಕಾಲ ರಫಿಯವರ ಪಕ್ಷದಲ್ಲಿದ್ದೆ. ಅದು ನಿಸ್ಪೃಹರ ಮಾತಿನಂತೆ ಕೇಳಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. "ನನಗಿನ್ನು ಬಾಕಿಯಿಲ್ಲ" ಎಂದು ಹೇಳುವ ಅಧಿಕಾರ ಕೊಟ್ಟವನಿಗೆ ಉಂಟು, ಪಡೆದವನಿಗೆ ಇಲ್ಲ. ರಫಿ ತಮ್ಮ ಪಾಲಿನದನ್ನು ಬಿಟ್ಟುಕೊಟ್ಟರೆ ಅದು ದೊಡ್ಡತನ. ಅವರ ದೊಡ್ಡತನವನ್ನು ತೋರಿಸಿ ನಾವು ಕೈ ಕೊಡವಿಕೊಂಡರೆ ಅದು ಸಣ್ಣತನ. ಕೂಲಿ ತೀರಬಹುದು, ಋಣ ತೀರುವುದಿಲ್ಲ. 2012ರಲ್ಲಿ ಕೃತಿಸ್ವಾಮ್ಯದ ಕಾನೂನು ತಿದ್ದುಪಡಿಯಾಗಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ಗಟ್ಟಿಯಾಯಿತು. ಒಳ್ಳೆಯದೇ. ಆದರೆ ಕಾನೂನು ಹಣದ ಪಾಲನ್ನು ಹೇಳೀತು. ನೆನಪಿನ ಪಾಲನ್ನು ಕೊಡಬೇಕಾದವರು ಕೇಳುಗರಾದ ನಾವೇ.

ಗಡಿನಾಡಿನವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1956ರಿಂದ ನಾವು ಹೆಸರುಗಳ ಬಗ್ಗೆ ಎಷ್ಟು ಸೂಕ್ಷ್ಮವಾಗಿದ್ದೇವೆ! ಮಂಜೇಶ್ವರದ ಕೊನೆಗೆ ಒಂದು ಅನುಸ್ವಾರ ಸೇರಿದರೆ ನಮ್ಮ ಎದೆ ಚುರುಕ್ಕೆನ್ನುತ್ತದೆ. ನಮಗೆ ಓದಲು ಬಾರದ ಲಿಪಿಯಲ್ಲಿ ಸರಕಾರದ ಕಾಗದ ಬಂದರೆ ಮನವಿ ಬರೆಯುತ್ತೇವೆ; ಬರೆಯಲೇಬೇಕು. ಅಂಥ ಮನವಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಅದೇ ಕೈ, ಆ ಮನುಷ್ಯನಿಗೆ ಓದಲು ಬಾರದ ಲಿಪಿಯಲ್ಲಿ, ಅವನಿಲ್ಲದ ನೋಟೀಸನ್ನು ಬರೆಯಿತು. ನಮ್ಮ ಆಟದ ನೋಟೀಸುಗಳಲ್ಲಿ ಹಿಮ್ಮೇಳದ ಭಾಗವತರು, ಚೆಂಡೆ, ಮದ್ದಳೆಯವರ ಹೆಸರು ಹಾಕಿಯೇ ಮುಮ್ಮೇಳಕ್ಕೆ ಹೋಗುವ ಪದ್ಧತಿಯುಂಟು. ಚೌಕಿಯ ಬದಿಯಲ್ಲೇ ಬೆಳೆದ ನನಗೆ ಅದು ಆ ದಿನ ನೆನಪಾಗಲಿಲ್ಲ.

ಮರುವರ್ಷದ ನೋಟೀಸನ್ನು ಕನ್ನಡ, ಮಲೆಯಾಳ ಎರಡರಲ್ಲೂ ಅಚ್ಚು ಹಾಕಿಸಿದೆವು. ತಬಲ ಎಂದು ಬರೆದು ಅದರ ಮುಂದೆ ಅವರ ಹೆಸರನ್ನು ಎರಡು ಲಿಪಿಗಳಲ್ಲೂ ಹಾಕಿದೆ. ಒಂದು ಪ್ರತಿ ಹಿಡಿದುಕೊಂಡು ಮರದ ಮಿಲ್ಲಿಗೆ ಹೋದರೆ, ಅವರು ಆರು ತಿಂಗಳ ಹಿಂದೆಯೇ ಗಲ್ಫಿಗೆ ಹೋದರೆಂದರು. ಆ ಸಂಜೆ ತಬಲಕ್ಕೆ ಬೇರೆಯವರು ಕುಳಿತರು. ಅವರ ಹೆಸರನ್ನು ಮೈಕಿನಲ್ಲಿ ಎರಡು ಸಲ ಹೇಳಿಸಿದೆ. ಮಿಲ್ಲಿಗೆ ಒಯ್ದಿದ್ದ ಪ್ರತಿ ಇನ್ನೂ ನನ್ನ ಟ್ರಂಕಿನಲ್ಲಿದೆ.