ಮುಳುಗುವವನ ಆಸರೆ

ಮುಳುಗುತ್ತಿರುವವನು ಹುಲ್ಲುಕಡ್ಡಿಯನ್ನಾದರೂ ಹಿಡಿದಾನು ಎಂಬ ಇಂಗ್ಲಿಷ್ ನಾಣ್ಣುಡಿ ಇಂದು ಬಹುಮಟ್ಟಿಗೆ ತಿರಸ್ಕಾರಸೂಚಕವಾಗಿ ಬಳಕೆಯಲ್ಲಿದೆ: ಸೋಲುತ್ತಿರುವ ವಾದಿಯು ದುರ್ಬಲವಾದ ಪ್ರಮಾಣವನ್ನು ಮುಂದೊಡ್ಡಿದಾಗ, ವೈದ್ಯರು ಕೈಬಿಟ್ಟ ರೋಗಿಯು ಹೆಸರರಿಯದ ಮದ್ದನ್ನು ನಂಬಿದಾಗ, ದಡದಲ್ಲಿ ಕ್ಷೇಮವಾಗಿ ನಿಂತವರು ಈ ಮಾತನ್ನಾಡುತ್ತಾರೆ. ಆದರೆ 1534ರಲ್ಲಿ ಲಂಡನ್ ಟವರಿನ ಸೆರೆಗೆ ಬಿದ್ದು, ಮರುವರ್ಷವೇ ಶಿರಚ್ಛೇದಕ್ಕೆ ಗುರಿಯಾದ ಸರ್ ಥಾಮಸ್ ಮೋರನು, ಸಂಕಟಕಾಲದ ಸಾಂತ್ವನವನ್ನು ಕುರಿತು ಅಲ್ಲಿಯೇ ರಚಿಸಿದ ಸಂವಾದಗ್ರಂಥದಲ್ಲಿ ಇದೇ ಚಿತ್ರವನ್ನು ಗಂಭೀರವಾದ ಉದ್ದೇಶದಿಂದ ತಂದಿದ್ದಾನೆ. ಅಲ್ಲಿರುವುದು ಹುಲ್ಲಲ್ಲ, ಕೈಗೆ ಸಿಕ್ಕ ಕ್ಷುದ್ರವಾದೊಂದು ಕೋಲು. ಅದನ್ನು ಬಿಗಿಹಿಡಿದವನು ಅದನ್ನೂ ತನ್ನೊಡನೆ ನೀರಿನಡಿಗೆ ಸೆಳೆದೊಯ್ಯುವನು. ಲೌಕಿಕಸುಖದಲ್ಲಿ ಸಮಾಧಾನವನ್ನರಸುವವನ ಗತಿಯೂ ಅದೇ ಎಂಬುದು ಮೋರನ ಅಭಿಪ್ರಾಯ.

ಹಾಗಾದರೆ ದೋಷವು ಕಡ್ಡಿಯದೋ, ಚಾಚಿದ ಕೈಯದೋ? ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುವವನ ಭಕ್ತಿಯನ್ನು ಹೀನವೆಂದೆಣಿಸುವ ಧಾರ್ಮಿಕರು ಎಲ್ಲ ಮತಗಳಲ್ಲಿಯೂ ಉಂಟು. ಅವರ ಈ ನಿಷ್ಠುರತೆ ನನಗೆ ಒಪ್ಪಿಗೆಯಾಗದು. ಭಾಗವತದ ಗಜೇಂದ್ರನು ಬಹುಕಾಲ ಸ್ವಬಲದಿಂದಲೇ ಮೊಸಳೆಯೊಡನೆ ಹೋರಾಡಿ, ಆ ಬಲವೆಲ್ಲ ಬತ್ತಿದ ಮೇಲಲ್ಲವೆ ಶ್ರೀಹರಿಗೆ ಮೊರೆಯಿಟ್ಟುದು? ತಡವಾಯಿತೆಂಬ ಕಾರಣದಿಂದ ಆ ಮೊರೆಯು ತಿರಸ್ಕೃತವಾಗಲಿಲ್ಲ. ಮೇಲಾಗಿ, ಆಗ ಅವನ ಸೊಂಡಿಲಲ್ಲಿದ್ದ ತಾವರೆಯು ಅವನನ್ನು ತೇಲಿಸಬಲ್ಲ ಆಸರೆಯಾಗಿರಲಿಲ್ಲ, ಅರ್ಪಣವಾಗಿತ್ತು. ಕೋಲಿಗೂ ಹೂವಿಗೂ ಇರುವ ಅಂತರವನ್ನು ನಾನು ಇಲ್ಲಿಯೇ ಕಾಣುತ್ತೇನೆ. ಗೀತೆಯ ಏಳನೆಯ ಅಧ್ಯಾಯವು ಭಗವಂತನನ್ನು ಭಜಿಸುವ ನಾಲ್ಕು ವಿಧದ ಪುಣ್ಯವಂತರನ್ನು ಹೆಸರಿಸುವಾಗ ಆರ್ತನನ್ನೇ ಮೊದಲು ಎಣಿಸುತ್ತದೆ. ಜ್ಞಾನಿಯನ್ನು ಶ್ರೇಷ್ಠನೆಂದು ಹೇಳಿಯೂ, ನಾಲ್ವರನ್ನೂ ಉದಾರರೆಂದೇ ಕರೆಯುತ್ತದೆ.