ಮುಚ್ಚಿದ ಬಾಗಿಲು ಮತ್ತು ಅಚೌರ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಮೇಲುನೋಟಕ್ಕೆ ಅತ್ಯಂತ ಸುಲಭವೆಂದು ತೋರುತ್ತದೆ. ಪರರ ಮನೆಗೆ ಕನ್ನವಿಕ್ಕದವನು, ತೂಕದಲ್ಲಿ ವಂಚಿಸದವನು ತನ್ನನ್ನು ನಿರ್ದೋಷಿಯೆಂದು ಭಾವಿಸುವುದು ಸಹಜ. ಆದರೆ ಇಂದು ದಾವಣಗೆರೆ, ಹರಿಹರಗಳ ನಮ್ಮ ಮನೆಗಳಲ್ಲಿ ಕಂಪ್ಯೂಟರೂ ಮೊಬೈಲೂ ಇವೆ. ಹಣ ತೆತ್ತು ನೋಡಬೇಕಾದ ಚಲನಚಿತ್ರ, ಕೊಂಡು ಓದಬೇಕಾದ ಪುಸ್ತಕ, ಇವೆಲ್ಲವೂ ಬಿಡಿಗಾಸಿಲ್ಲದೆ ಕೈಸೇರುತ್ತಿವೆ. "ನಕಲು ಮಾಡಿಕೊಂಡರೆ ಮೂಲವು ಒಡೆಯನಲ್ಲಿಯೇ ಉಳಿಯುತ್ತದಲ್ಲ, ಕಳೆದುಕೊಂಡವರು ಯಾರು?" ಎಂದು ತರುಣರು ಕೇಳುತ್ತಾರೆ. ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಸಲ್ಲದು. ಆಗಮಾನುಸಾರವಾದ ಉತ್ತರವನ್ನೇ ಕೊಡಬೇಕು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ನಿರೂಪಿಸಿದ್ದಾರೆ. ಒಡೆಯನಿಗೆ ಎಷ್ಟು ನಷ್ಟವಾಯಿತೆಂಬ ಲೆಕ್ಕವು ಆ ಲಕ್ಷಣದಲ್ಲಿ ಸೇರಿಲ್ಲ. ಹರಿಹರದಲ್ಲಿ ತುಂಗಭದ್ರೆಯ ನೀರನ್ನು ಕೊಡದಲ್ಲಿ ತುಂಬಿಕೊಳ್ಳುವವನು ಯಾರನ್ನೂ ಕೇಳಬೇಕಾಗಿಲ್ಲ. ಅದು ಸರ್ವರಿಗೂ ಬಿಟ್ಟದ್ದು. ದಾವಣಗೆರೆಯ ಮಂಡಿಪೇಟೆಯ ಅಂಗಡಿಯ ಮುಂದೆ ಇಳಿಸಿದ ಮೂಟೆಯಿಂದ ಹಿಡಿ ಧಾನ್ಯವನ್ನು, ಕಾವಲು ಇಲ್ಲದಿದ್ದರೂ, ತೆಗೆಯುವಂತಿಲ್ಲ.

ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಸೂತ್ರಕ್ಕೆ ಒಂದು ಶಂಕೆಯನ್ನು ಎತ್ತಿಕೊಳ್ಳುತ್ತಾರೆ. ಮುನಿಯು ಊರಿನಲ್ಲಿ ಸಂಚರಿಸುವಾಗ ಬೀದಿ, ಬಾಗಿಲುಗಳನ್ನು ಯಾರ ಅನುಮತಿಯೂ ಇಲ್ಲದೆ ಪ್ರವೇಶಿಸುವನಲ್ಲ, ಅದು ಅದತ್ತಾದಾನವಾಗದೆ? ಆಗದು, ಏಕೆಂದರೆ ಅವು ಎಲ್ಲರಿಗೂ ತೆರೆದವು. ಮುಚ್ಚಿದ ಬಾಗಿಲನ್ನು ಮುನಿಯು ಪ್ರವೇಶಿಸುವುದಿಲ್ಲ ಎಂಬುದು ಅವರ ಸಮಾಧಾನ. ಬಾಗಿಲಿನ ಅಗುಳಿ ಗಟ್ಟಿಯೋ ಸಡಿಲವೋ ಎಂದು ಮುನಿಯು ತಳ್ಳಿ ಪರೀಕ್ಷಿಸುವುದಿಲ್ಲ. ಬಾಗಿಲು ಮುಚ್ಚಿದೆಯೆಂಬುದೇ ಆತನಿಗೆ ಸಾಕು.

ಈಗ ಕಂಪ್ಯೂಟರಿನ ಒಳಗನ್ನು ನೋಡೋಣ. ಮಾರಾಟಕ್ಕಿಟ್ಟ ಚಿತ್ರವು ಗೂಢಲಿಪಿಯಲ್ಲಿ ಬರುತ್ತದೆ. ಹಣ ಕೊಟ್ಟವನ ಯಂತ್ರಕ್ಕೆ ಮಾತ್ರ ಅದನ್ನು ಬಿಡಿಸುವ ಕೀಲಿ ದೊರೆಯುತ್ತದೆ. ಎಷ್ಟೋ ಯಂತ್ರಗಳಲ್ಲಿ ಈ ಬಿಡಿಸುವ ಕಾರ್ಯಕ್ಕೆ ಪ್ರತ್ಯೇಕವಾದ ರಕ್ಷಿತ ಭಾಗವಿದೆ. ಪರದೆಗೆ ಹೋಗುವ ತಂತಿಯಲ್ಲಿಯೂ ಚಿತ್ರವನ್ನು ಮತ್ತೆ ಗೂಢಗೊಳಿಸುವುದುಂಟು. ಇಷ್ಟಾದರೂ ಕಣ್ಣಿಗೆ ಕಾಣಬೇಕಾದರೆ ಅದು ಎಲ್ಲಿಯಾದರೂ ಒಂದೆಡೆ ತೆರೆದುಕೊಳ್ಳಲೇಬೇಕು. ಯಾರಿಂದ ರಕ್ಷಿಸಬೇಕೋ ಅವನ ಮನೆಯಲ್ಲಿಯೇ ಬೀಗವನ್ನೂ ಕೀಲಿಯನ್ನೂ ಇರಿಸಿದಂತಾಯಿತು. ಡಿವಿಡಿಗಳ ಬೀಗವು 1999ರಲ್ಲಿಯೇ ಮುರಿಯಿತು. ಆದುದರಿಂದ ಬೀಗದ ಬಲವು ಅದರ ಗಟ್ಟಿತನದಲ್ಲಿಲ್ಲ; "ಇದನ್ನು ನಿನಗೆ ಇಷ್ಟರಮಟ್ಟಿಗೆ ಮಾತ್ರ ಕೊಟ್ಟಿದೆ" ಎಂದು ಸಾರುವುದರಲ್ಲಿದೆ. ಬೀಗವು ಸೋಲುವ ಆ ಸ್ಥಳದಲ್ಲಿ ವ್ರತದ ಕೆಲಸ ಆರಂಭವಾಗುತ್ತದೆ.

ಅಚೌರ್ಯದ ಐದು ಅತಿಚಾರಗಳನ್ನು ಇಲ್ಲಿ ಸ್ಮರಿಸಬೇಕು. ಬೀಗ ಮುರಿಯುವ ಉಪಾಯವನ್ನು ಪರರಿಗೆ ಹೇಳಿಕೊಡುವುದು ಸ್ತೇನಪ್ರಯೋಗ. ಯಾರೋ ಮುರಿದು ಹಂಚಿದ್ದನ್ನು ತಿಳಿದೂ ಪಡೆಯುವುದು ತದಾಹೃತಾದಾನ. ನಕಲನ್ನು ಅಸಲೆಂದು ಮಾರುವುದು ಪ್ರತಿರೂಪಕವ್ಯವಹಾರ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿಯುವವನಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ತೂಕ ಅಳತೆಗಳ ವಂಚನೆಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಒಂದು ಪುಟ್ಟ ಮೊಬೈಲಿನಲ್ಲಿ ಅಡಗಿವೆ.

"ಹಾಗಾದರೆ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಪುಣ್ಯವಲ್ಲವೆ?" ಎಂದು ಕೇಳಬಹುದು. ನಿಶ್ಚಯವಾಗಿಯೂ ಪುಣ್ಯವೇ. ಆ ದಾನಚಿಂತಾಮಣಿಯು ತನ್ನ ದ್ರವ್ಯವನ್ನು ವ್ಯಯಮಾಡಿ ಶಾಸ್ತ್ರದಾನ ಮಾಡಿದಳು. ಪರರ ದುಡಿಮೆಯನ್ನು ಪರರಿಗೆ ಹಂಚಿ ದಾನಿಯೆನಿಸಿಕೊಳ್ಳುವುದು ಬೇರೆ.

ಇದಕ್ಕಿಂತ ಕಠಿಣವಾದ ಉದಾಹರಣೆಯು ಮೂಡಬಿದಿರೆಯದು. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ರಕ್ಷಿತವಾಗಿದ್ದ ಧವಲಾದಿ ತಾಳೆಗರಿ ಗ್ರಂಥಗಳ ಪ್ರತಿಗಳು ಹೊರಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಪ್ರತಿ ಮಾಡಲು ನಿಯುಕ್ತರಾಗಿದ್ದ ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದನ್ನು ಕೊಳ್ಳಲೊಪ್ಪದ ಶ್ರೇಷ್ಠಿಗಳೂ ಇದ್ದರು. ಕಡೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಪಡೆದರು. ಅದರಿಂದ ಹಬ್ಬಿದ ಪ್ರತಿಗಳ ಆಧಾರದ ಮೇಲೆಯೇ 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಯಿತು. ಜಿನವಾಣಿ ಬೆಳಕಿಗೆ ಬಂದುದಕ್ಕೆ ನಾವೆಲ್ಲರೂ ಋಣಿಗಳು. ಆದರೂ ಫಲವು ಶುಭವಾದುದರಿಂದ ಕೊಡದಿದ್ದದ್ದು ಕೊಟ್ಟದ್ದಾಗಲಾರದು. ಮುಂದೆ ಮೂಡಬಿದಿರೆಯವರೇ ಮೂಲ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿ ನೋಡಲು ಅನುಮತಿಯಿತ್ತಾಗ ಆ ಕಾರ್ಯವು ಪೂರ್ಣಗೌರವವನ್ನು ಪಡೆಯಿತು. ಇದರಲ್ಲಿ ಒಡೆಯರಿಗೂ ಪಾಠವಿದೆ: ಜ್ಞಾನವನ್ನು ಅತಿಯಾಗಿ ಬಂಧಿಸಿಡುವುದು ಪರಿಗ್ರಹ, ಮತ್ತು ಅದು ಪರರ ವ್ರತಭಂಗಕ್ಕೆ ಎಡೆಮಾಡುತ್ತದೆ. ನಮ್ಮ ಪ್ರವಚನಗಳನ್ನು, ಪೂಜಾಪಾಠಗಳನ್ನು ಪ್ರಕಟಿಸುವವರು "ಯಾರಾದರೂ ನಕಲಿಸಿಕೊಳ್ಳಬಹುದು" ಎಂದು ಒಂದು ಸಾಲು ಬರೆದರೆ ಅದೂ ಶಾಸ್ತ್ರದಾನವೇ.

ಉಪವಾಸವೆಂದರೆ ಪಂಚೇಂದ್ರಿಯಗಳು ತಮ್ಮ ವಿಷಯಗಳಿಂದ ಹಿಮ್ಮೆಟ್ಟಿ ನೆಲೆಸುವುದು. ಅಷ್ಟಮಿ, ಚತುರ್ದಶಿಗಳಂದು ಅನ್ನವನ್ನು ತ್ಯಜಿಸಿ, ಹೊತ್ತು ಕಳೆಯಲು ಕದ್ದ ಚಿತ್ರವನ್ನು ನೋಡುವವನ ಹೊಟ್ಟೆ ಮಾತ್ರ ಬರಿದಾಗಿರುತ್ತದೆ. ಆದುದರಿಂದ ಶ್ರಾವಕ ಶ್ರಾವಿಕೆಯರು ಬರುವ ದಶಲಕ್ಷಣ ಪರ್ವದ ಹತ್ತು ದಿನಗಳ ಮಟ್ಟಿಗಾದರೂ ಒಂದು ನಿಯಮವನ್ನು ತೆಗೆದುಕೊಳ್ಳಲಿ: ಕೊಟ್ಟವರು ಯಾರೆಂದು ತಿಳಿಯದ ಯಾವುದನ್ನೂ ಯಂತ್ರದಲ್ಲಿ ತೆರೆಯುವುದಿಲ್ಲ, ಮುಂದಕ್ಕೆ ಕಳುಹಿಸುವುದಿಲ್ಲ. ಕೋಣೆಯಲ್ಲಿ ಒಬ್ಬನೇ ಕುಳಿತಾಗ ಈ ನಿಯಮಕ್ಕೆ ಕಾವಲುಗಾರರು ಯಾರೂ ಇರುವುದಿಲ್ಲ. ವ್ರತವು ಬೇಕಾಗಿರುವುದೇ ಅಲ್ಲಿ.