ಲೆಕ್ಕದ ತಪ್ಪೂ ಸ್ವಭಾವದ ದೋಷವೂ

ಇಂದು 100 ರೂಪಾಯಿ ಬೇಕೊ, ವರ್ಷ ಕಳೆದ ಮೇಲೆ 120 ಬೇಕೊ ಎಂದು ಕೇಳಿದಾಗ ಇಂದಿನದನ್ನೇ ಆರಿಸಿಕೊಂಡವನನ್ನು ಲೋಕವು ಆತುರಗಾರನೆನ್ನುವುದು. ಸಂದೇಹದ ದೊಡ್ಡ ಲಾಭವನ್ನು ಬಿಟ್ಟು ನಿಶ್ಚಿತವಾದ ಸಣ್ಣ ಮೊತ್ತವನ್ನು ಹಿಡಿದವನು ಅಂಜುಕುಳಿಯೆನಿಸುವನು. ಅರ್ಥಶಾಸ್ತ್ರಜ್ಞರು ಜನರ ತಾಳ್ಮೆಯನ್ನೂ ಎದೆಗಾರಿಕೆಯನ್ನೂ ಅಳೆಯುವುದು ಬಹುಮಟ್ಟಿಗೆ ಇಂತಹ ಪ್ರಶ್ನೆಗಳಿಂದಲೇ. ಆದರೆ ಉತ್ತರ ಕೊಟ್ಟವನಿಗೆ ಪ್ರಶ್ನೆಯೊಳಗಿನ ಲೆಕ್ಕವು ತಿಳಿದಿದ್ದಿತೆ? ತಿಳಿಯದೆ ಆಡಿದ ಮಾತನ್ನು ಅವನ ಸ್ವಭಾವವೆಂದು ಬರೆದುಕೊಳ್ಳುವುದು ನ್ಯಾಯವೆ?

ಅಮೆರಿಕದ ಶೇನ್ ಫ್ರೆಡರಿಕ್ ಎಂಬವರು 2005ರಲ್ಲಿ ಮೂರೇ ಪ್ರಶ್ನೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದರು. ದಾಂಡಿಗೂ ಚೆಂಡಿಗೂ ಸೇರಿ 1 ಡಾಲರು 10 ಸೆಂಟು, ದಾಂಡಿನ ಬೆಲೆ ಚೆಂಡಿಗಿಂತ 1 ಡಾಲರು ಹೆಚ್ಚು, ಹಾಗಾದರೆ ಚೆಂಡಿಗೆಷ್ಟು? 10 ಸೆಂಟೆಂಬ ಉತ್ತರವು ತಾನಾಗಿಯೇ ನಾಲಿಗೆಗೆ ಬರುವುದು, ಸರಿಯಾದುದು 5. (ತಪ್ಪಿದವರನ್ನು ಕಂಡು ನಗುವ ಮೊದಲು ವಾಚಕರು ತಾವೂ ಒಮ್ಮೆ ಕೂಡಿ ನೋಡುವುದು ಲೇಸು.) ಈ ಪರೀಕ್ಷೆಯಲ್ಲಿ ಗೆದ್ದವರು ಕಾಯುವುದಕ್ಕೂ, ಲಾಭದ ವಿಷಯದಲ್ಲಿ ಸಂದೇಹಕ್ಕೆ ಒಡ್ಡಿಕೊಳ್ಳುವುದಕ್ಕೂ ಹೆಚ್ಚಾಗಿ ಒಪ್ಪುವರೆಂದು ಕಂಡುಬಂದಿತು. 2010ರಲ್ಲಿ ಜರ್ಮನಿಯಿಂದ ಹೊರಬಂದ ಸಂಶೋಧನೆಯೂ ಇದನ್ನೇ ಹೋಲುವ ಮಾತನ್ನು ಹೇಳಿತು. ಇಷ್ಟಾದ ಮೇಲೆ, ಬುದ್ಧಿ ಮಂದವಾದಲ್ಲಿ ಧೈರ್ಯವೂ ತಾಳ್ಮೆಯೂ ಕಡಮೆಯೆಂದುಕೊಳ್ಳುವುದು ಬಹು ಸುಲಭ.

ಈ ಸುಲಭಕ್ಕೆ ಅಡ್ಡಬಂದವರು ಆಂಡರ್ಸನ್ ಮೊದಲಾದ ನಾಲ್ವರು. ಇವರು ಡೆನ್ಮಾರ್ಕಿನ ಜನರನ್ನು ಪರೀಕ್ಷಿಸಿ 2016ರಲ್ಲಿ ಬರೆದುದನ್ನು ತುಸು ನಿಧಾನವಾಗಿ ನೋಡಬೇಕು. ಹತ್ತು ಸಾಲುಗಳ ಒಂದು ಪಟ್ಟಿಯಿರುವುದೆಂದು ಭಾವಿಸಿರಿ. ಪ್ರತಿ ಸಾಲಿನಲ್ಲಿಯೂ ಎಡಕ್ಕೆ ಭದ್ರವಾದ ಆಯ್ಕೆ, ಬಲಕ್ಕೆ ಸಂದೇಹದ್ದು; ಕೆಳಗಿಳಿದಂತೆಲ್ಲ ಬಲಗಡೆಯ ಲಾಭ ಏರುತ್ತಿರುವುದು. ಒಬ್ಬನು ನಿಜವಾಗಿ ಮೂರು ಸಾಲುಗಳಾದ ಮೇಲೆ ಬಲಕ್ಕೆ ದಾಟತಕ್ಕವನು. ಆದರೆ ಅಂಕಿಗಳಲ್ಲಿ ಕಂಗೆಟ್ಟು ಅಲ್ಲಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದನು. ಅವನು ಬಲಕ್ಕೆ ಹಾಕಬೇಕಾದ ಸಾಲುಗಳು ಏಳಿರುವುದರಿಂದ ತಪ್ಪುಗಳೂ ಅಲ್ಲಿಯೇ ಹೆಚ್ಚು ಬೀಳುವುವು; ಪಾಪ, ಅವನು ಅಂಜುಕುಳಿಯಾಗಿ ತೋರುವನು! ದಾಟುವೆಡೆಯು ಕೆಳಗೆ ಬರುವಂತೆ ಪಟ್ಟಿಯನ್ನು ಹೊಂದಿಸಿದರೆ ಅದೇ ಮನುಷ್ಯನು, ಅದೇ ಗಲಿಬಿಲಿಯಿಂದ, ಸಾಹಸಿಯಾಗಿ ತೋರುವನು. ಡೆನ್ಮಾರ್ಕಿನಲ್ಲಿ ಆದುದು ಹೀಗೆಯೆ: ಬುದ್ಧಿಪರೀಕ್ಷೆಯಲ್ಲಿ ಹಿಂದುಳಿದವರು ಒಂದು ಪಟ್ಟಿಯಲ್ಲಿ ಅಂಜಿದವರಂತೆಯೂ ಇನ್ನೊಂದರಲ್ಲಿ ಎದೆಗಾರರಂತೆಯೂ ಕಂಡರು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಬಡವನು ಬಡವನಾಗಿರುವುದು ಅವನ ಆತುರದಿಂದಲೇ ಎಂಬ ತೀರ್ಪಿಗೆ ಇಂತಹ ಅಳತೆಗಳು ಆಧಾರವಾಗಬಲ್ಲವು. ಬಡ್ಡಿಯ ಲೆಕ್ಕ ತಿಳಿಯದವನಿಗೆ ಬೇಕಾದುದು ಲೆಕ್ಕದ ಪಾಠ, ಮಿತವ್ಯಯದ ಉಪದೇಶವಲ್ಲ. ಮತ್ತೊಬ್ಬನಿಗೆ ಲೆಕ್ಕವೆಲ್ಲ ತಿಳಿದಿದ್ದೂ ಮನೆಯಲ್ಲಿ ಅಕ್ಕಿ ತೀರಿರುವುದರಿಂದ ಇಂದಿನ 100ನ್ನು ಕೇಳುವನು. ನಿಜವಾದ ಆತುರಗಾರನು ಮೂರನೆಯವನು. ಈ ಮೂವರ ಗುರುತೂ ಒಂದೇ ಮನೆಯಲ್ಲಿ ಬೀಳುವುದು. ಇವರನ್ನು ಬೇರೆಬೇರೆಯಾಗಿ ಕಾಣಬೇಕೆಂಬ ಮನಸ್ಸುಳ್ಳ ಪರೀಕ್ಷಕನು ಮೊದಲು ಲೆಕ್ಕದ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಕೇಳಲಿ, ಎರಡು ತೆರನಾದ ಪಟ್ಟಿಗಳನ್ನೂ ಕೊಡಲಿ, ಹಣವೇಕೆ ಇಂದೇ ಬೇಕೆಂದು ವಿಚಾರಿಸಲಿ.